ಪುರುಡಿನ ಹತ್ತು ದಿನಗಳೂ ನಮ್ಮ ಜೋಗುಳ ಸಾಹಿತ್ಯವೂ

ಕನ್ನಡದ ಜೋಗುಳದ ಹಾಡುಗಳ ಸೊಗಸನ್ನು ಕುರಿತು ವಿದ್ವಾಂಸರು ಇದುವರೆಗೆ ಸಾಕಷ್ಟು ಬರೆದಿರುವರು. ತಾಯ್ತನದ ಹಿಗ್ಗು, ತವರಿನ ಹಂಬಲ, ತೊಟ್ಟಿಲ ಸುತ್ತಲಿನ ಸಂಭ್ರಮ ಇವು ನಮ್ಮ ಗರತಿಯರ ಬಾಯಲ್ಲಿ ಎಷ್ಟು ಸಹಜವಾಗಿ ಮೂಡಿಬಂದಿವೆಯೆಂಬುದನ್ನು ಮತ್ತೆ ಎತ್ತಿ ಹೇಳಬೇಕಾದ ಅಗತ್ಯವಿಲ್ಲ. ಆದರೆ ಈ ಹಾಡುಗಳನ್ನು ಕಾವ್ಯವೆಂದು ಆಸ್ವಾದಿಸುವುದರ ಜೊತೆಗೆ, ಪ್ರಮಾಣವೆಂದು ಉದಾಹರಿಸುವ ವಾಡಿಕೆಯೊಂದು ನಮ್ಮಲ್ಲಿ ಬೆಳೆದುಬಂದಿದೆ. ಹಿಂದಿನವರು ಬಾಣಂತಿಯನ್ನು ಹೀಗೆ ಉಪಚರಿಸುತ್ತಿದ್ದರು, ಕೂಸನ್ನು ಹೀಗೆ ಸಲಹುತ್ತಿದ್ದರು, ಇದಕ್ಕೆ ಹಾಡೇ ಸಾಕ್ಷಿ ಎಂದು ತರಗತಿಯಲ್ಲಿ ಹೇಳುತ್ತೇವೆ, ಲೇಖನಗಳಲ್ಲಿ ಬರೆಯುತ್ತೇವೆ. ಈ ಸಾಕ್ಷಿಯು ಯಾವ ವಿಷಯಕ್ಕೆ ಸಲ್ಲತಕ್ಕದ್ದು, ಯಾವ ವಿಷಯಕ್ಕೆ ಸಲ್ಲದು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರವು ಹರಡಿಹೋಗದಂತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇವೆ. ಈ ಸೀಮೆಯು ಕನ್ನಡಕ್ಕೆ ಇಬ್ಬರು ಶ್ರೀಕಂಠಯ್ಯನವರನ್ನು ಕೊಟ್ಟಿದೆ. ತೀ. ನಂ. ಶ್ರೀಕಂಠಯ್ಯನವರು ೧೯೦೬ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದರು. ಆ ಊರು ಅವರ ಹೆಸರಿನ ಮೊದಲಕ್ಷರವಾಗಿ ನಿಂತಿತು. ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಹುಟ್ಟಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ. ಆದರೆ ಅವರ ಹೆಸರಿನೊಡನೆ ಉಳಿದ ಅಕ್ಷರವು ನಾಗಮಂಗಲ ಸೀಮೆಯ ಬೆಳ್ಳೂರಿನದು, ತಂದೆಯ ಊರಿನದು. ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ನಾಡಿನಲ್ಲಿ ಹೆರಿಗೆಯಾದ ಮನೆಯು ಹೆಸರಿಗೆ ಏರದಿರುವುದು ಸ್ವಾಭಾವಿಕವೇ ಸರಿ. ಆದರೂ ಹೆರಿಗೆಯ ಕೋಣೆಯು ನಮ್ಮ ದಾಖಲೆಗಳಿಂದ ಜಾರಿಹೋಗುವ ರೀತಿಗೆ ಇದೊಂದು ಸಣ್ಣ ನಿದರ್ಶನ. ಹಾಡಿನಲ್ಲಿಯೂ ಹೀಗೆಯೇ ಆಗಿದೆಯೆಂಬುದು ನಮ್ಮ ವಾದ.

ಅಚ್ಚಾದ ಸಂಗ್ರಹಗಳನ್ನು ಮೊದಲು ನೋಡೋಣ. ೧೯೩೧ರಲ್ಲಿ ಹಲಸಂಗಿಯ ಗೆಳೆಯರ ಶ್ರಮದಿಂದ ಬೆಳಕು ಕಂಡ ‘ಗರತಿಯ ಹಾಡು’ ಬಡಗಣ ಸೀಮೆಯದು. ೧೯೩೮ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೊರತಂದ ‘ಹಳ್ಳಿಯ ಹಾಡುಗಳು’ ನಮ್ಮ ತೆಂಗಿನ ಸೀಮೆಗೆ ನೆರೆಯಾದ ಹಾಸನದ ಕಡೆಯದು. ಇವುಗಳನ್ನೂ ಇವುಗಳ ಅನಂತರ ಬಂದವುಗಳನ್ನೂ ಹೆಣ್ಣಿನ ಬಾಳಿನ ಘಟ್ಟಗಳಿಗೆ ಅನುಸಾರವಾಗಿ ಜೋಡಿಸಿಕೊಂಡು ಓದಿದರೆ ಒಂದು ವಿಶೇಷವು ಕಣ್ಣಿಗೆ ಬೀಳುತ್ತದೆ. ಬಸುರಿಯ ಬಯಕೆಯ ಹಾಡುಗಳು ಉಂಟು. ಬೇನೆಯ ಮಾತು ಅಲ್ಲಲ್ಲಿ ಬರುವುದುಂಟು. ತೊಟ್ಟಿಲಿನ ಹಾಡುಗಳಂತೂ ಹೇರಳವಾಗಿವೆ. ತೊಟ್ಟಿಲನ್ನು ಹೊತ್ತು ತವರಿನಿಂದ ಗಂಡನ ಮನೆಗೆ ಹಿಂದಿರುಗುವ ಹೆಣ್ಣಿನ ಚಿತ್ರವು ಎಲ್ಲರಿಗೂ ಪರಿಚಿತವಾದದ್ದು. ಆದರೆ ಬೇನೆಗೂ ತೊಟ್ಟಿಲಿಗೂ ನಡುವೆ ಇರುವ ದಿನಗಳನ್ನು ಕುರಿತು ನಾವು ನೋಡಿದ ಸಂಗ್ರಹಗಳಲ್ಲಿ ಹಾಡು ಬಹುಮಟ್ಟಿಗೆ ಮೌನವಾಗಿದೆ. ತೊಟ್ಟಿಲಿಗೆ ಹಾಕುವ ಶಾಸ್ತ್ರವು ನಡೆಯುವುದು ಪುರುಡು ಕಳೆದಮೇಲೆ, ಸಾಮಾನ್ಯವಾಗಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ, ಕೆಲವು ಮನೆತನಗಳಲ್ಲಿ ಇನ್ನೂ ತಡವಾಗಿ. ಜೋಗುಳವು ಆ ದಿನದಿಂದ ಆರಂಭವಾಗುತ್ತದೆ. ಅದಕ್ಕೆ ಮುಂಚಿನ ಹತ್ತು ದಿನಗಳಿಗೆ ಹಾಡಿಲ್ಲ.

ಈ ಮೌನಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಪುರುಡಿನ ಮನೆಯು ಮೈಲಿಗೆಯ ಮನೆ. ಅಲ್ಲಿ ಶುಭದ ಹಾಡನ್ನು ಎತ್ತುವಂತಿಲ್ಲ. ಉಳಿಯುವುದೋ ಅಳಿಯುವುದೋ ತಿಳಿಯದ ಹಸುಗೂಸನ್ನು ಬಾಯಿತುಂಬ ಹೊಗಳಿದರೆ ದೃಷ್ಟಿಯಾದೀತೆಂಬ ಅಳುಕು ಎರಡನೆಯದು. ಮೂರನೆಯದು ಸಂಗ್ರಾಹಕರಿಗೆ ಸಂಬಂಧಿಸಿದುದು. ಮೊದಲ ತಲೆಮಾರಿನ ಸಂಗ್ರಾಹಕರು ಹೆಚ್ಚಾಗಿ ಗಂಡಸರು. ಅವರಿಗೆ ದೊರೆತುದು ಬೀಸುವ ಕಲ್ಲಿನ ಹತ್ತಿರ, ಗದ್ದೆಯ ಬದುವಿನಲ್ಲಿ, ಹಸೆಯ ಮುಂದೆ ಕೇಳಿಬರುವ ಹಾಡುಗಳು. ಬಾಣಂತಿಯ ಕೋಣೆಯ ಬಾಗಿಲು ಅವರಿಗೆ ತೆರೆದಿರಲಿಲ್ಲ. ತೆರೆಯೆಂದು ಕೇಳುವುದೂ ಸಭ್ಯತೆಯಾಗಿರಲಿಲ್ಲ. ಇದು ಅವರ ದೋಷವೆಂದು ನಾವು ಹೇಳುವುದಿಲ್ಲ. ಆದರೆ ಅವರ ಸಂಗ್ರಹದ ಎಲ್ಲೆಯನ್ನು ನಾವು ಅರಿತಿರಬೇಕು.

ಆ ಹತ್ತು ದಿನಗಳು ಬಿಟ್ಟುಹೋದರೆ ಏನಾಯಿತೆಂದು ಕೇಳುವವರಿಗೆ ಒಂದೇ ಲೆಕ್ಕವನ್ನು ಹೇಳಿದರೆ ಸಾಕು. ಹುಟ್ಟಿದ ಇಪ್ಪತ್ತೆಂಟು ದಿನಗಳೊಳಗೆ ೨೦೨೨ರಲ್ಲಿ ಲೋಕದಲ್ಲೆಲ್ಲ ತೀರಿಕೊಂಡ ಶಿಶುಗಳು ಸುಮಾರು ೨೩ ಲಕ್ಷ. ಇಂಥ ಮರಣಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮೊದಲ ವಾರದಲ್ಲಿಯೇ ಸಂಭವಿಸುತ್ತವೆ. ಎಂದರೆ ಕೂಸಿನ ಅಳಿವು ಉಳಿವುಗಳು ತೀರ್ಮಾನವಾಗುವ ಹೊತ್ತಿಗೆ ನಮ್ಮ ಹಾಡು ಇನ್ನೂ ಬಾಯಿ ತೆರೆದಿರುವುದಿಲ್ಲ. ಜೋಗುಳವು ಬದುಕಿ ಉಳಿದ ಕೂಸಿನ ಹಾಡು. ಹುಟ್ಟಿದ ಕೂಸುಗಳನ್ನೆಲ್ಲ ಹೇಗೆ ನೋಡಿಕೊಂಡರೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ಕರೆಯುವುದು, ಯುದ್ಧದಿಂದ ಹಿಂದಿರುಗಿದವರ ಮಾತಿನಿಂದಲೇ ಯುದ್ಧವನ್ನು ಅಳೆದಂತೆ ಆಗುತ್ತದೆ.

ಗದ್ಯಕ್ಕೆ ಬಂದರೆ ಸ್ಥಿತಿ ಸ್ವಲ್ಪ ಉತ್ತಮವಾಗಿದೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (೧೯೭೦) ಇದೇ ತೆಂಗಿನ ಸೀಮೆಯ ಬಾಳನ್ನು ಚಿತ್ರಿಸುವ ಕಾದಂಬರಿ. ನಂಜಮ್ಮನ ದುಡಿಮೆ, ಬಡತನ, ಬಸಿರು, ಬಾಣಂತನಗಳು ಅಲ್ಲಿ ಯಾವ ಅಲಂಕಾರವೂ ಇಲ್ಲದೆ ಬರುತ್ತವೆ. ಆದರೂ ಓದುಗನ ನೆನಪಿನಲ್ಲಿ ನಿಲ್ಲುವುದು ಬೆಳೆದ ಮಕ್ಕಳನ್ನು ಕೊಂಡೊಯ್ದ ಪ್ಲೇಗಿನ ಮರಣಗಳೇ ಹೊರತು ಹೆರಿಗೆಯ ಕೋಣೆಯಲ್ಲ. ಆ ಕೋಣೆಯನ್ನು ಕುರಿತು ಹೆಣ್ಣುಮಕ್ಕಳಿಗೆ ನೇರವಾಗಿ ಕನ್ನಡದಲ್ಲಿ ತಿಳಿಯಹೇಳಿದವರಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು (೧೯೩೪–೧೯೯೧) ಪ್ರಮುಖರು. ಅವರ ‘ತಾಯಿ-ಮಗು’ ಎಂಬ ಪುಸ್ತಕವು ಬಹು ಮನೆಗಳನ್ನು ಸೇರಿತು. ಸಾಹಿತ್ಯಚರಿತ್ರೆಗಳು ಅವರ ಕಾದಂಬರಿಗಳನ್ನು ಹೆಸರಿಸುತ್ತವೆ. ಈ ಪುಸ್ತಕವನ್ನು ಮಾತ್ರ ಸಾಮಾನ್ಯವಾಗಿ ಪಟ್ಟಿಯ ಕೊನೆಗೆ ದೂಡುತ್ತವೆ. ಇದೂ ಮೇಲೆ ಹೇಳಿದ ಮೌನದ ಇನ್ನೊಂದು ರೂಪವೆಂದು ತೋರುತ್ತದೆ.

ಹಾಗಾದರೆ ಆ ಹತ್ತು ದಿನಗಳಲ್ಲಿ ನಡೆಯುತ್ತಿದ್ದುದೇನು? ಹಾಡು ಹೇಳದಿದ್ದರೂ ಭಾಷೆ ಹೇಳುತ್ತದೆ; ಮನೆಯ ಹಿರಿಯ ಹೆಂಗಸರ ಮಾತು ಹೇಳುತ್ತದೆ. ಸೂಲಗಿತ್ತಿಯು ಹೊಕ್ಕುಳಬಳ್ಳಿಯನ್ನು ಕೊಯ್ಯುವುದು, ಮಾಸನ್ನು ಹೂಳುವುದು, ಕೂಸನ್ನು ಕೂಡಲೆ ಬಿಸಿನೀರಿನಲ್ಲಿ ಮೀಯಿಸಿ ಮೊರದಲ್ಲಿ ಮಲಗಿಸುವುದು, ನಾಲಗೆಗೆ ಜೇನನ್ನೋ ಹರಳೆಣ್ಣೆಯ ತೊಟ್ಟನ್ನೋ ಮುಟ್ಟಿಸುವುದು, ಬಜೆಯನ್ನು ತೇಯ್ದು ನೆಕ್ಕಿಸುವುದು, ಹಂಡೆಯ ನೀರನ್ನು ಬಾಣಂತಿಗೆ ಎರೆದು ಸಾಂಬ್ರಾಣಿಯ ಹೊಗೆ ಹಾಕುವುದು, ಮಂಚದ ಕೆಳಗೆ ಕೆಂಡವಿಡುವುದು, ಕುಡಿಯುವ ನೀರನ್ನು ಅಳೆದು ಕೊಡುವುದು: ಇವು ಈ ಸೀಮೆಯಲ್ಲಿಯೂ ಹಳೆಯ ಮೈಸೂರಿನ ಇತರ ಭಾಗಗಳಲ್ಲಿಯೂ ಬಹುಕಾಲ ನಡೆದುಬಂದ ರೂಢಿಗಳು. ತೆಂಗಿನ ನಾಡಾದ್ದರಿಂದ ಒಂದು ಸ್ವಾರಸ್ಯವನ್ನು ಇಲ್ಲಿ ಗಮನಿಸಬಹುದು. ಒಂದೇ ಮರದ ಫಲದಲ್ಲಿ ಎಳನೀರು ಶೀತವೆಂದು ಬಾಣಂತಿಗೆ ನಿಷಿದ್ಧ. ಅದೇ ಬಲಿತು ಒಣಗಿ ಕೊಬ್ಬರಿಯಾದಾಗ ಒಣಶುಂಠಿ, ಮೆಣಸು, ಬೆಲ್ಲಗಳೊಡನೆ ಪಥ್ಯ. ಪದಾರ್ಥಗಳನ್ನು ಶೀತ ಉಷ್ಣಗಳೆಂದು ವಿಂಗಡಿಸುವ ಈ ಕ್ರಮವು ಹಾಡಿಗಿಂತ ಸ್ಪಷ್ಟವಾಗಿ ಅಡಿಗೆಮನೆಯಲ್ಲಿ ಉಳಿದಿದೆ.

ಇನ್ನೊಂದು ಪ್ರಮಾಣವು ನಿಘಂಟಿನಲ್ಲಿದೆ. ಹಸುವು ಕರುಹಾಕಿದ ಮೊದಲ ದಿನಗಳ ಹಾಲಿಗೆ ನಮ್ಮಲ್ಲಿ ಗಿಣ್ಣುಹಾಲೆಂಬ ಮುದ್ದಾದ ಹೆಸರಿದೆ. ಅದನ್ನು ಬೆಲ್ಲ ಬೆರೆಸಿ ಬೇಯಿಸಿ ತಿನ್ನುತ್ತೇವೆ, ನೆರೆಮನೆಗೆ ಹಂಚುತ್ತೇವೆ. ಹೆತ್ತ ತಾಯಿಯ ಮೊದಲ ದಿನಗಳ ಹಳದಿಯ ಗಟ್ಟಿಹಾಲಿಗೆ ಮನೆಮಾತಿನಲ್ಲಿ ಅಂಥ ಪ್ರೀತಿಯ ಹೆಸರೊಂದು ನಮಗೆ ದೊರೆತಿಲ್ಲ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ರೂಢಿ ಅನೇಕ ಮನೆಗಳಲ್ಲಿತ್ತು. ಎದೆಹಾಲಿನ ಮಹಿಮೆಯನ್ನು ಸಾರುವ ಹಾಡುಗಳನ್ನು ಮಾತ್ರ ಓದಿದವನಿಗೆ ಈ ಸಂಗತಿಯು ಎಂದೂ ತಿಳಿಯಲಾರದು.

ಈ ರೂಢಿಯ ಬೇರನ್ನು ಹುಡುಕುತ್ತ ಹೋದರೆ ಶಾಸ್ತ್ರಗ್ರಂಥಗಳಲ್ಲಿ ಒಂದೇ ಮಾತು ದೊರೆಯುವುದಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಹೆತ್ತ ಮೂರು ನಾಲ್ಕು ರಾತ್ರಿಗಳ ಅನಂತರ ಸ್ತನ್ಯವು ಪ್ರವರ್ತಿಸುವುದೆಂದು ಹೇಳಿ, ಮೊದಲ ದಿನದ ಕೂಸಿಗೆ ಜೇನು ಮತ್ತು ತುಪ್ಪಗಳನ್ನು ವಿಧಿಸುತ್ತದೆ. ಚರಕಸಂಹಿತೆಯ ಶಾರೀರಸ್ಥಾನವಾದರೋ ಜಾತಕರ್ಮದಲ್ಲಿ ಜೇನುತುಪ್ಪಗಳನ್ನು ನೆಕ್ಕಿಸಿದ ಬಳಿಕ ಬಲದ ಮೊಲೆಯನ್ನು ಮೊದಲು ಊಡಿಸಬೇಕೆನ್ನುತ್ತದೆ; ಮೂರು ದಿನ ಕಾಯುವ ಮಾತು ಅಲ್ಲಿಲ್ಲ. ಹೀಗಿರಲು, ‘ಶಾಸ್ತ್ರವು ಹೀಗೆ ಹೇಳುತ್ತದೆ’ ಎಂದು ಏಕವಚನದಲ್ಲಿ ಬರೆಯುವವರು ಯಾವ ಶಾಸ್ತ್ರವೆಂಬುದನ್ನು ಹೇಳಲೇಬೇಕು. ಕನ್ನಡದಲ್ಲಿ ಸುಮಾರು ೧೨೦೦ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಯು ಶಿಶುರೋಗಗಳಿಗಾಗಿಯೇ ಮೀಸಲಾದ ಗ್ರಂಥ. ರೋಗಕ್ಕೆ ಗ್ರಹವು ಕಾರಣವೆಂಬ ನಂಬಿಕೆಯನ್ನು ಅದರ ಹೆಸರೇ ಸಾರುತ್ತದೆ. ಕೂಸಿನ ಮೈ ಸೆಡೆತು ಹಾಲು ಕುಡಿಯಲಾರದೆ ಸಾಯುವ ಧನುರ್ವಾಯುವನ್ನು ಇಂಥ ಲೆಕ್ಕದಲ್ಲಿಯೇ ಸೇರಿಸಿರಬೇಕು. ಅದು ಹೊಕ್ಕುಳಿನ ಗಾಯದ ಮೂಲಕ ಸೇರುವ ರೋಗಾಣುವಿನ ಕೆಲಸವೆಂದು ಈಗ ತಿಳಿದಿದೆ. ಬಸುರಿಗೆ ಚುಚ್ಚುಮದ್ದು, ಬಳ್ಳಿಯನ್ನು ಶುದ್ಧವಾದ ಅಲಗಿನಿಂದ ಕೊಯ್ಯುವುದು ಇವುಗಳಿಂದ, ೨೦೧೫ರ ವೇಳೆಗೆ ಭಾರತವು ಈ ರೋಗವನ್ನು ಪ್ರತಿಯೊಂದು ಜಿಲ್ಲೆಯಲ್ಲಿಯೂ ಸಾವಿರ ಜನನಗಳಿಗೆ ಒಂದಕ್ಕಿಂತ ಕಡಮೆಗೆ ಇಳಿಸಿತೆಂದು ಪ್ರಮಾಣೀಕೃತವಾಯಿತು. ಗ್ರಹವನ್ನು ಓಡಿಸಿದ್ದು ಸಾಬೂನು, ಅಲಗು, ಮದ್ದುಗಳು.

ರೂಢಿಗಳೆಲ್ಲವೂ ಒಂದೇ ಬಗೆಯವೆಂದು ತಿಳಿಯಬಾರದು. ಪರೀಕ್ಷೆಗೆ ಒಳಪಡಿಸಿದಾಗ ಕೆಲವು ನಿಂತಿವೆ, ಕೆಲವು ಬಿದ್ದಿವೆ, ಕೆಲವುಗಳಲ್ಲಿ ಉದ್ದೇಶವು ಸರಿಯಾಗಿದ್ದು ಉಪಾಯವು ತಪ್ಪಾಗಿದೆ. ತಾಯಿಯನ್ನೂ ಕೂಸನ್ನೂ ಒಂದೇ ಹೊದಿಕೆಯಲ್ಲಿ ಬೆಚ್ಚಗೆ ಇಡುವುದು ನಿಂತಿರುವ ರೂಢಿ. ೧೯೭೮ರ ಸುಮಾರಿನಲ್ಲಿ ಕೊಲಂಬಿಯದ ಬೊಗೊಟಾ ನಗರದಲ್ಲಿ ಕಡಮೆ ತೂಕದ ಶಿಶುಗಳನ್ನು ತಾಯಿಯ ಎದೆಗೆ ಮೈಗೆ ಮೈ ತಾಕಿಸಿ ಕಟ್ಟಿ ಉಳಿಸಿದ ಕ್ರಮವನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೇ ವಿಧಿಸುತ್ತದೆ. ಎಣ್ಣೆ ನೀವುವುದರಲ್ಲಿಯೂ ಸತ್ತ್ವವಿದೆ. ೨೦೦೫ರಲ್ಲಿ ಪ್ರಕಟವಾದ ಮುಂಬಯಿಯ ಒಂದು ಪರೀಕ್ಷೆಯಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಕೊಬ್ಬರಿ ಎಣ್ಣೆಯನ್ನು ನೀವಿದಾಗ ಖನಿಜತೈಲವನ್ನು ನೀವಿದವುಗಳಿಗಿಂತ ತೂಕವು ಹೆಚ್ಚಾಗಿ ಏರಿತು. ತಿಪಟೂರಿನ ಅಜ್ಜಿಯರಿಗೆ ಇದು ಹೊಸ ಸುದ್ದಿಯೆನಿಸಲಾರದು. ಆದರೆ ಅದೇ ಎಣ್ಣೆಯನ್ನು ಕೂಸಿನ ಮೂಗಿಗೂ ಗಂಟಲಿಗೂ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ಅಪಾಯವಾಗುತ್ತದೆ. ಜೇನು ಒಂದು ವರ್ಷದವರೆಗೆ ಕೂಡದು; ಅದರಲ್ಲಿರಬಹುದಾದ ರೋಗಾಣುವು ಕೂಸಿನ ನರಗಳನ್ನು ಜಡಗೊಳಿಸಬಲ್ಲುದು. ಮೊದಲ ಸ್ನಾನವನ್ನು ಇಪ್ಪತ್ತನಾಲ್ಕು ಗಂಟೆಗಳವರೆಗಾದರೂ ತಡೆಯಬೇಕು. ಹೊಕ್ಕುಳನ್ನು ಒಣಗಿರುವಂತೆ ಬಿಡಬೇಕು. ಮೊದಲ ಗಂಟೆಯೊಳಗೆ ಎದೆಗೆ ಹಾಕಬೇಕು. ಆರು ತಿಂಗಳು ಎದೆಹಾಲಲ್ಲದೆ ನೀರನ್ನೂ ಕೊಡಬೇಕಾಗಿಲ್ಲ. ಚೆಲ್ಲುತ್ತಿದ್ದ ಹಳದಿಯ ಹಾಲೇ ಕೂಸಿಗೆ ದೊರೆಯುವ ಮೊದಲ ರಕ್ಷೆ. ಕೆಂಡದ ಹಿಂದಿನ ವಿವೇಕವೆಂದರೆ ಬೆಚ್ಚಗಿಡಬೇಕೆಂಬುದು, ಅದು ಸರಿ. ಬಾಗಿಲು ಮುಚ್ಚಿದ ಕೋಣೆಯ ಹೊಗೆಯು ಸರಿಯಲ್ಲ. ಹಾಲೂಡುವ ತಾಯಿಗೆ ನೀರನ್ನು ಅಳೆದು ಕೊಡುವುದಂತೂ ಯಾವ ರೀತಿಯಿಂದಲೂ ಸಮರ್ಥನೀಯವಲ್ಲ.

ಇಷ್ಟನ್ನು ಹೇಳಿದೊಡನೆ, ಅಜ್ಜಿಯರು ಅರಿಯದವರು, ಆಸ್ಪತ್ರೆಯು ಅರಿತದ್ದು ಎಂಬ ಸುಲಭವಾದ ತೀರ್ಮಾನಕ್ಕೆ ಬರುವವರುಂಟು. ಅದೂ ಪ್ರಮಾಣಕ್ಕೆ ನಿಲ್ಲುವುದಿಲ್ಲ. ೧೮೪೭ರಲ್ಲಿ ವಿಯೆನ್ನಾದ ಹೆರಿಗೆಯ ಆಸ್ಪತ್ರೆಯಲ್ಲಿ, ಶವಪರೀಕ್ಷೆ ಮಾಡಿದ ವೈದ್ಯರ ಕೈಗಳೇ ಬಾಣಂತಿಯರಿಗೆ ಮೃತ್ಯುವನ್ನು ಒಯ್ಯುತ್ತಿವೆಯೆಂದು ಸೆಮ್ಮೆಲ್‌ವೈಸನು ತೋರಿಸಿದನು. ಅಲ್ಲಿ ಸೂಲಗಿತ್ತಿಯರ ವಿಭಾಗದಲ್ಲಿ ಸಾವು ಕಡಮೆಯಾಗಿತ್ತು. ಕೈ ತೊಳೆಯಿರೆಂದ ಅವನ ಮಾತನ್ನು ಪಂಡಿತರು ಒಪ್ಪಲು ಬಹುಕಾಲ ಹಿಡಿಯಿತು. ನಮ್ಮ ಕಾಲದ ಲೆಕ್ಕವನ್ನು ನೋಡಿ: ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಹೆರಿಗೆಗಳಲ್ಲಿ ನೂರಕ್ಕೆ ೮೮.೬ ಆಸ್ಪತ್ರೆಗಳಲ್ಲಿ ನಡೆದಿವೆ. ಕರ್ನಾಟಕದಲ್ಲಿ ನೂರಕ್ಕೆ ೯೭. ಆದರೆ ಮೊದಲ ಗಂಟೆಯೊಳಗೆ ಎದೆಹಾಲು ದೊರೆತ ಕೂಸುಗಳು ದೇಶದಲ್ಲಿ ನೂರಕ್ಕೆ ೪೧.೮ ಮಾತ್ರ. ಹೆರಿಗೆಯು ಆಸ್ಪತ್ರೆಗೆ ಹೋದರೂ ಮೊದಲ ಗಂಟೆಯು ಕೂಸಿಗೆ ಇನ್ನೂ ದೊರೆತಿಲ್ಲ. ಇದರ ಹೊಣೆಯನ್ನು ಕೇವಲ ಅಜ್ಜಿಯರ ತಲೆಗೆ ಕಟ್ಟುವಂತಿಲ್ಲ. ಹಾಲಿನ ಪುಡಿಯ ಡಬ್ಬಿಯನ್ನು ಜಾಹೀರುಮಾಡಿ ತಾಯಿಯ ಎದೆಯಿಂದ ಕೂಸನ್ನು ಬಿಡಿಸುವ ವ್ಯಾಪಾರವನ್ನು ತಡೆಯುವುದಕ್ಕೆ ೧೯೯೨ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಆ ಡಬ್ಬಿಯನ್ನು ಅಜ್ಜಿಯು ತಂದವಳಲ್ಲ.

ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ತುಮಕೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ೨೦೧೮ರಲ್ಲಿ ಪದ್ಮಶ್ರೀ ಬಂದಿತು. ಆ ವರ್ಷದ ಡಿಸೆಂಬರ್ ೨೫ರಂದು ಅವರು ತೀರಿಕೊಂಡರು. ಸನ್ಮಾನದ ಭಾಷಣಗಳಿಗೆ ನಮ್ಮಲ್ಲಿ ಕೊರತೆಯಾಗಲಿಲ್ಲ. ಆದರೆ ಅಂಥ ತಾಯಂದಿರು ಬೇನೆ ತಿನ್ನುವ ಹೆಣ್ಣಿಗೆ ಏನು ಹೇಳುತ್ತಿದ್ದರು, ಕೂಸು ಅಳದಿದ್ದರೆ ಮೊದಲು ಏನು ಮಾಡುತ್ತಿದ್ದರು, ಯಾವ ಲಕ್ಷಣವನ್ನು ಕಂಡರೆ ಆಸ್ಪತ್ರೆಗೆ ಕಳುಹಿಸುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳುವ ಕೆಲಸವನ್ನು ಹಾಡಿನ ಸಂಗ್ರಹದಷ್ಟು ಶ್ರದ್ಧೆಯಿಂದ ನಾವು ಮಾಡಿದ್ದೇವೆಯೆ? ಹಾಡಿಗೆ ಕಿವಿಗೊಟ್ಟ ನಾವು ಮಾತಿಗೆ ಕಿವಿಗೊಡಲಿಲ್ಲವೆಂದೇ ಹೇಳಬೇಕಾಗುತ್ತದೆ.

ಈ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಈ ಸೀಮೆಯಲ್ಲಿಯೂ ಇದಕ್ಕೆ ತಾಗಿದ ಶಿರಾದ ಕಡೆಯಲ್ಲಿಯೂ ಕಾಡುಗೊಲ್ಲರ ಹಟ್ಟಿಗಳಿವೆ. ಜು೦ಜಪ್ಪನ ಕಥನವನ್ನು ಗಣೆಯ ನಾದದೊಡನೆ ಕಾಪಾಡಿಕೊಂಡುಬಂದ ಈ ಜನರ ವಾಙ್ಮಯಸಂಪತ್ತನ್ನು ಸಂಶೋಧಕರು ಮುಕ್ತಕಂಠದಿಂದ ಹೊಗಳಿರುವರು. ಹೊಗಳಿಕೆಯು ಯುಕ್ತವಾಗಿಯೇ ಇದೆ. ಅದೇ ಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಸೂತಕವೆಂದು ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯೂ ಉಳಿದುಬಂದಿತು. ೨೦೨೩ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಆಸ್ಪತ್ರೆಯಲ್ಲಿ ಹುಟ್ಟಿ ತಾಯಿಯೊಡನೆ ಹಟ್ಟಿಯ ಹೊರಗಿನ ಗುಡಿಸಲಿಗೆ ಬಂದ ಹಸುಳೆಯೊಂದು ಮಳೆಚಳಿಗಳಿಗೆ ಸಿಕ್ಕಿ ತೀರಿಕೊಂಡಿತು. ೨೦೧೭ರಲ್ಲಿ ಅಂಗೀಕೃತವಾಗಿ ೨೦೨೦ರಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನ ಶಾಸನವು ಇಂಥ ಬಹಿಷ್ಕಾರವನ್ನು ಅಪರಾಧವೆಂದು ಎಣಿಸುತ್ತದೆ. ಶಾಸನವಿದ್ದರೂ ಕೂಸು ಉಳಿಯಲಿಲ್ಲ.

ಇಲ್ಲಿ ವಿಮರ್ಶಕರ ಹೊಣೆಯೇನು? ದುಡಿಮೆಯಿಂದ ಬಳಲಿದ ಬಾಣಂತಿಗೆ ಆ ಗುಡಿಸಲು ವಿಶ್ರಾಂತಿಯ ತಾಣವಾಗಿತ್ತೆಂದು ಸಮಾಧಾನ ಹೇಳುವ ಬರವಣಿಗೆಯನ್ನು ನಾವು ಓದುವುದುಂಟು. ವಿಶ್ರಾಂತಿಯು ಒಳ್ಳೆಯದೇ, ಅದಕ್ಕೆ ಮಳೆಯ ಗುಡಿಸಲು ಬೇಕಾಗಿಲ್ಲ. ಪದ್ಧತಿಯೊಂದನ್ನು ವರ್ಣಿಸುವುದು ಬೇರೆ, ಅದಕ್ಕೆ ಗುಣವನ್ನು ಆರೋಪಿಸುವುದು ಬೇರೆ. ಗುಣವನ್ನು ಆರೋಪಿಸುವವರು ಆ ಗುಡಿಸಲಿನಲ್ಲಿದ್ದ ತಾಯಿಯ ಹೇಳಿಕೆಯನ್ನು ಕೊಡಬೇಕು. ಕೂಸುಗಳು ಎಷ್ಟು ಉಳಿದುವೆಂಬ ಲೆಕ್ಕವನ್ನು ಕೊಡಬೇಕು. ಹಟ್ಟಿಯವರನ್ನು ಹಳಿಯುವುದೂ ನ್ಯಾಯವಲ್ಲ. ಹೊಕ್ಕುಳಬಳ್ಳಿಗೆ ಬೂದಿಯಿಟ್ಟವರೂ ಮೊದಲ ಹಾಲನ್ನು ಚೆಲ್ಲಿದವರೂ ಓದುಬರೆಹ ಬಲ್ಲ ಮನೆಗಳಲ್ಲಿಯೂ ಇದ್ದರು. ಪುರುಡಿನ ಕೋಣೆಯನ್ನು ಹಿತ್ತಲಿನ ಕತ್ತಲೆಯ ಮೂಲೆಯಲ್ಲಿಟ್ಟವರಿಗೂ ಊರ ಹೊರಗಿಟ್ಟವರಿಗೂ ಇರುವ ಅಂತರವು ಕೆಲವು ಮಾರುಗಳಷ್ಟೆ.

ಮೇಲಿನ ವಿಚಾರದಿಂದ ಮೂರು ಸಲಹೆಗಳು ಹೊರಡುತ್ತವೆ. ಮೊದಲನೆಯದು, ಜನಪದ ಗೀತೆಗಳನ್ನು ಇನ್ನುಮುಂದೆ ಸಂಗ್ರಹಿಸುವವರು ಹಾಡಿನ ಪಾಠದೊಡನೆ ಅದನ್ನು ಹೆರಿಗೆಯಾದ ಎಷ್ಟನೆಯ ದಿನ, ಯಾರು, ಯಾರ ಮುಂದೆ ಹಾಡುತ್ತಾರೆಂಬುದನ್ನು ಬರೆದುಕೊಳ್ಳಬೇಕು; ಆಗ ಹಾಡು ಯಾವುದಕ್ಕೆ ಸಾಕ್ಷಿಯೆಂಬುದು ತಾನಾಗಿ ತಿಳಿಯುತ್ತದೆ. ಎರಡನೆಯದು, ಹಾಡಿಲ್ಲದ ದಿನಗಳನ್ನು ಕುರಿತು ಸೂಲಗಿತ್ತಿಯರನ್ನೂ ಬಾಣಂತನ ಮಾಡಿದ ಅಜ್ಜಿಯರನ್ನೂ ಹೆಂಗಸರೇ ಹೋಗಿ ಕೇಳಿ ಬರೆದುಕೊಳ್ಳಬೇಕು. ಆ ತಲೆಮಾರು ಕರಗುತ್ತಿದೆ. ಹೆರಿಗೆಯು ಆಸ್ಪತ್ರೆಗೆ ಸೇರಿದ ಈ ಕಾಲದಲ್ಲಿ ಅವರ ಅನಂತರ ಹೇಳುವವರಿಲ್ಲ. ಮೂರನೆಯದು ಉಪಾಧ್ಯಾಯರಿಗೆ ಸೇರಿದುದು. ಜೋಗುಳವನ್ನು ಪಾಠ ಹೇಳುವಾಗ ಅದರ ಸೊಗಸನ್ನು ಹೇಳಲಿ. ಜೊತೆಗೆ, ಈ ಹಾಡು ಹನ್ನೊಂದನೆಯ ದಿನದ ಹಾಡೆಂದೂ ಅದಕ್ಕೆ ಮುಂಚೆ ಹತ್ತು ದಿನಗಳಿದ್ದುವೆಂದೂ ಒಂದು ಮಾತು ಸೇರಿಸಲಿ. ತರಗತಿಯಲ್ಲಿ ಕುಳಿತ ಹುಡುಗಿಯರಲ್ಲಿಯೂ ಹುಡುಗರಲ್ಲಿಯೂ ಅನೇಕರು ಮುಂದೆ ತಾಯಿತಂದೆಗಳಾಗುವವರು. ಅವರ ಮನೆಯಲ್ಲಿ ಕೂಸು ಹುಟ್ಟಿದ ಮೊದಲ ಗಂಟೆಯಲ್ಲಿ ಜೇನಿನ ಬಟ್ಟಲು ಮುಂದೆ ಬಂದಾಗ, ಆ ಮಾತು ಅವರ ನೆನಪಿಗೆ ಬಂದರೆ ಸಾಕು.

ಹೀಗೆ ಓದುವುದರಿಂದ ಜೋಗುಳದ ಬೆಲೆ ಕಡಮೆಯಾಗುತ್ತದೆಂದು ನಾವು ತಿಳಿಯುವುದಿಲ್ಲ. ಹತ್ತು ದಿನಗಳ ಭಯವನ್ನು ದಾಟಿಬಂದ ಮೇಲೆ ಬಾಯಿ ತೆರೆದ ಹಾಡೆಂದು ಅರಿತು ಕೇಳಿದವನಿಗೆ ಅದರ ಹಿಗ್ಗು ಎಲ್ಲಿಂದ ಬಂದಿತೆಂಬುದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಈ ವಿಷಯದಲ್ಲಿ ನಮಗಿಂತ ಹೆಚ್ಚು ಬಲ್ಲವರು, ಮುಖ್ಯವಾಗಿ ಆ ಸೀಮೆಯ ಹೆಂಗಸರು, ನಮ್ಮ ಊಹೆಗಳನ್ನು ತಿದ್ದಿದರೆ ಉಪಕಾರವಾಗುವುದು.